ಹೋಗಲಾಗದ ಭೇಟಿಗೆ ಫೀಸು: ಯಾರ ಹಕ್ಕು ಎಷ್ಟು?

ಕಡಬದ ಒಬ್ಬ ಗೃಹಿಣಿ ಪುತ್ತೂರಿನ ಆಪ್ತಸಲಹೆಗಾರರೊಬ್ಬರಲ್ಲಿ ಶನಿವಾರ ಹತ್ತು ಗಂಟೆಗೆ ಸಮಯ ಗೊತ್ತು ಮಾಡಿಕೊಂಡಿದ್ದಾರೆಂದು ಭಾವಿಸಿರಿ. ಶುಕ್ರವಾರ ರಾತ್ರಿ ಜ್ವರ ಏರಿತು, ಹೋಗಲಾಗಲಿಲ್ಲ. ಮುಂದಿನ ವಾರ ಹೋದಾಗ ಬಾರದ ದಿನದ ಫೀಸನ್ನೂ ಕೇಳಿದರು. ಕಾಯಿಲೆ ನನ್ನ ಕೈಯಲ್ಲಿತ್ತೇ ಎಂಬುದು ಇವರ ವಾದ. ನಿಮಗಾಗಿ ಒಂದು ಗಂಟೆ ಖಾಲಿ ಕುಳಿತೆನಲ್ಲ ಎಂಬುದು ಅವರ ವಾದ. ಎರಡರಲ್ಲೂ ಸತ್ಯವಿದೆ. ಹಾಗಾದರೆ ನ್ಯಾಯ ಯಾವುದು?

ಕರಾರುಗಳನ್ನು ಪೂರೈಸಬೇಕೆಂದು ಪವಿತ್ರ ಕುರ್‌ಆನ್ (5:1) ಆಜ್ಞಾಪಿಸುತ್ತದೆ. ಸಂಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕು, ಬಿಟ್ಟುಬಿಡುವುದು ಇನ್ನೂ ಉತ್ತಮ ಎಂದೂ ಅದು (2:280) ಕಲಿಸುತ್ತದೆ. ಮಾರಿದ ಹಣ್ಣಿನ ಫಸಲು ವಿಪತ್ತಿನಿಂದ ನಾಶವಾದರೆ ಕೊಂಡವನಿಂದ ಅದರ ಬೆಲೆ ಪಡೆಯಬಾರದೆಂಬ ಪ್ರವಾದಿವರ್ಯರ(ಸ) ಆದೇಶವನ್ನು ಜಾಬಿರ್(ರ) ವರದಿ ಮಾಡಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ. ನಷ್ಟವು ಮೂರನೆಯ ಒಂದಂಶ ಮುಟ್ಟಿದರೆ ಬಿಡುವುದು ಕಡ್ಡಾಯವೆಂದು ಇಮಾಮ್ ಮಾಲಿಕ್ ಹೇಳಿದರೆ, ಇಮಾಮ್ ಶಾಫಿಈ ತಮ್ಮ ನಂತರದ ಅಭಿಪ್ರಾಯದಲ್ಲಿ ಅದನ್ನು ಅಪೇಕ್ಷಣೀಯವೆಂದರು. ಕೊಳೆರೋಗದಿಂದ ಅಡಿಕೆ ಉದುರುವುದನ್ನು ಕಂಡ ನಮ್ಮ ಊರವರಿಗೆ ಈ ಮಾತಿನ ತೂಕ ತಿಳಿದೀತು. ಯಾರ ತಪ್ಪೂ ಇಲ್ಲದ ನಷ್ಟವನ್ನು ಪೂರ್ತಿಯಾಗಿ ಒಬ್ಬನ ತಲೆಗೆ ಕಟ್ಟುವುದು ಸರಿಯಲ್ಲ.

ದೇಶದ ಕಾನೂನೂ ಇದಕ್ಕೆ ದೂರವಿಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ, ದಂಡದ ಮೊತ್ತ ಬರೆದಿದ್ದರೂ ಅದನ್ನು ಮೀರದ ಸಮಂಜಸ ಪರಿಹಾರವಷ್ಟೇ ಸಿಗುತ್ತದೆ. ನಷ್ಟಕ್ಕೆ ತೀರಾ ಮೀರಿದ ದಂಡ ಹೇರುವ ಕರಾರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನ್ಯಾಯದ ಕರಾರೆನ್ನುತ್ತದೆ. ಆದರೆ ಅಂಥ ದೂರನ್ನು ಜಿಲ್ಲಾ ಆಯೋಗವಲ್ಲ, ಬೆಂಗಳೂರಿನ ರಾಜ್ಯ ಆಯೋಗ ಕೇಳಬೇಕು. ಸಣ್ಣ ಮೊತ್ತಕ್ಕೆ ಅಷ್ಟು ದೂರ ಹೋಗುವ ಮೊದಲು 1915ರ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ಸಲಹೆ ಪಡೆಯಬಹುದು. ಅದಕ್ಕೂ ಮೊದಲು ಮಾಡಬೇಕಾದುದು ಮುಖಾಮುಖಿ ಮಾತು.

ನೀವು ಮೊದಲು ನೋಡಬೇಕಾದುದು ಈ ನಿಯಮವನ್ನು ನಿಮಗೆ ಮುಂಚಿತವಾಗಿ ತಿಳಿಸಿದ್ದರೇ ಎಂಬುದನ್ನು. ತಿಳಿಸದಿದ್ದರೆ ಕೊಡಲಾರೆನೆಂದು ಸೌಮ್ಯವಾಗಿ ಹೇಳಲು ನಿಮಗೆ ಹಕ್ಕಿದೆ. ತಿಳಿದು ಒಪ್ಪಿದ್ದರೆ, ಮೊತ್ತವೂ ಮಿತವಾಗಿದ್ದರೆ, ವಿನಂತಿಸಿರಿ, ಜಗಳಾಡಬೇಡಿರಿ. ದಿನಾಂಕ ಹಾಕಿ, ಡಾಕ್ಟರರ ಚೀಟಿಯ ಪ್ರತಿಯಿಟ್ಟು, ಫೀಸನ್ನು ಬಿಡಬೇಕು ಇಲ್ಲವೇ ಅರ್ಧಕ್ಕೆ ಇಳಿಸಬೇಕೆಂದು ಎರಡು ಸಾಲು ಬರೆದುಕೊಡಿರಿ. ಅವರು ಒಪ್ಪದಿದ್ದರೆ ಕೊಟ್ಟು ರಶೀದಿ ಪಡೆಯಿರಿ. ಇನ್ನು ಮುಂದೆ ಹಾಸಿಗೆ ಹಿಡಿದರೆ ಮನೆಯವರಿಂದಾದರೂ ಕೂಡಲೇ ಫೋನ್ ಮಾಡಿಸಿರಿ. ಆಗ ಆ ಹೊತ್ತು ಸುಳ್ಯದಿಂದ ಬರಲಿರುವ ಇನ್ನೊಬ್ಬರಿಗೆ ಸಿಕ್ಕೀತು.

ಇಲ್ಲೊಂದು ಪರೀಕ್ಷೆಯಿದೆ. ಮರೆತು ಹೋಗದವನು ಜ್ವರವೆಂದು ಹೇಳಿ ಹಣ ಉಳಿಸಿದರೆ, ಅವನು ಉಳಿಸಿದ್ದು ಇನ್ನೊಬ್ಬರ ದುಡಿಮೆಯನ್ನು. ಹಾಗೆಯೇ ಆ ಗಂಟೆಯಲ್ಲಿ ಬೇರೊಬ್ಬರನ್ನು ನೋಡಿ ಅವರಿಂದ ಫೀಸು ಪಡೆದ ಸಲಹೆಗಾರ, ಬಾರದವರಿಂದಲೂ ವಸೂಲು ಮಾಡಿದರೆ ಅದು ಯಾವ ನಷ್ಟಕ್ಕೆ ಪರಿಹಾರ?

ಕೊನೆಯದಾಗಿ, ಈ ಮುಜುಗರಕ್ಕಾಗಿ ಚಿಕಿತ್ಸೆಯನ್ನೇ ಬಿಡಬೇಡಿರಿ. ಅಲ್ಲಿಗೆ ಹೋಗಲು ಮನಸ್ಸಾಗದಿದ್ದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೂ, ಮಾತನಾಡಬಹುದು. ಫೀಸಿನ ತಕರಾರು ಇಂದಲ್ಲ ನಾಳೆ ಮುಗಿದೀತು. ಮನಸ್ಸಿನ ನೋವು ಆರೈಕೆಯಿಲ್ಲದೆ ಉಳಿಯಬಾರದು.