ಟೇಪು ಹಿಡಿದುಕೊಂಡು ಹೋಗು, ಮಾರಾಯ್ತಿ

ಪುಟ್ಟಿ, ನೀನು ಕಳಿಸಿದ ನಾಲ್ಕು ಕಂಬದ ಮಂಚದ ಫೋಟೋ ನೋಡಿದೆ. ಚೆಂದ ಇದೆ, ಎರಡು ಮಾತಿಲ್ಲ. ಆದರೆ ಅಡ್ವಾನ್ಸ್ ಕೊಡುವ ಮುಂಚೆ ನಿನ್ನ ದೊಡ್ಡಪ್ಪನ ಮಾತು ಸ್ವಲ್ಪ ಕಿವಿಗೆ ಹಾಕಿಕೋ. ಆ ಮಂಚ ಎಷ್ಟು ವರ್ಷ ಹಳೆಯದು ಅಂತ ಅಂಗಡಿಯವನು ಹೇಳಿದ್ದನ್ನು ಮೂರು ಸಲ ಬರೆದಿದ್ದೀ. ಎಷ್ಟು ಎತ್ತರ ಅಂತ ಒಂದು ಸಲವೂ ಬರೆದಿಲ್ಲ.

ನೀವಿರುವುದು ಏಳನೇ ಮಹಡಿ. ಆ ಮಂಚ ಮಾಡಿಸಿದ ಕಾಲದ ಮನೆಗಳಲ್ಲಿ ಸೂರು ಎತ್ತರ, ಫ್ಯಾನಿನ ಗೊಡವೆ ಇಲ್ಲ. ನಿನ್ನ ಮಲಗುವ ಕೋಣೆಗೆ ಫಾಲ್ಸ್ ಸೀಲಿಂಗ್ ಬೇರೆ ಹಾಕಿಸಿದ್ದೀರಿ. ಏಳಡಿ ಕಂಬ ನಿಲ್ಲಿಸಿದರೆ ಫ್ಯಾನಿನ ರೆಕ್ಕೆಗೂ ಕಂಬದ ತಲೆಗೂ ನಡುವೆ ಏನುಳಿಯುತ್ತದೆ ಅಂತ ಮೊದಲು ಅಳೆ. ಆಮೇಲೆ ಹಾಸಿಗೆ. ಈಗ ಅಂಗಡಿಯಲ್ಲಿ ಸಿಗುವುದು 60ಕ್ಕೆ 78 ಇಂಚು, 72ಕ್ಕೆ 78 ಇಂಚು, ಹೀಗೆ ಕಟ್ಟಿಟ್ಟ ಅಳತೆ. ಹಳೇ ಮಂಚಗಳನ್ನು ಆಚಾರಿ ಆ ಮನೆಯವರ ಮೈಯಳತೆಗೆ, ಇದ್ದ ಮರದ ಅಳತೆಗೆ ಮಾಡಿದ್ದು. ಹಾಸಿಗೆಯನ್ನು ಬೇರೆಯೇ ಮಾಡಿಸಬೇಕು, ಅದರ ಖರ್ಚನ್ನೂ ಮಂಚದ ಬೆಲೆಗೆ ಸೇರಿಸಿಕೋ. ಹಳೇ ಮಂಚ ನೆಲದಿಂದ ಎತ್ತರವೂ ಹೌದು. ಮಂಡಿನೋವಿನ ನಿಮ್ಮತ್ತೆ ಬಂದಾಗ ಮೆಟ್ಟುಮಣೆ ಇಟ್ಟು ಹತ್ತಿಸುತ್ತೀಯೋ?

ಲಿಫ್ಟಿನ ಬಾಗಿಲನ್ನೂ ಅಳೆದುಕೋ. ಕೀಲು ಬಿಚ್ಚಿ ತರಬಹುದಾದ ಮಂಚ ಹೇಗೋ ಮೇಲೆ ಬರುತ್ತದೆ. ಕನ್ನಡಿ ಬೀರು ಹಾಗಲ್ಲ, ಇಡಿಯಾಗಿಯೇ ಬರಬೇಕು. ಬೀಟೆ ಮರದ್ದಾದರೆ ಒಂದು ಘನ ಅಡಿಗೆ 24 ಕಿಲೋ ಹತ್ತಿರ ತೂಗುತ್ತದೆ, ಸಾಗುವಾನಿ ಅದಕ್ಕಿಂತ ನಾಲ್ಕೈದು ಕಿಲೋ ಕಡಿಮೆ. ಏಳು ಮಹಡಿ ಮೆಟ್ಟಿಲಲ್ಲಿ ಹೊರುವವರು ಕೇಳುವ ಕೂಲಿ ಕೇಳಿದರೆ ನಿನಗೇ ತಲೆ ತಿರುಗುತ್ತದೆ. ಅಂಗಡಿಗೆ ಹೋಗುವ ಮುಂಚೆ ಹಳೇ ಪೇಪರುಗಳನ್ನು ಅಂಟಿಸಿ ಆ ಸಾಮಾನಿನ ಅಳತೆಗೇ ಕತ್ತರಿಸಿ ನೆಲದ ಮೇಲೆ ಹಾಸಿಡು. ಎರಡು ದಿನ ಅದರ ಸುತ್ತ ಓಡಾಡು, ಬಟ್ಟೆ ಒಣಗಿಸು, ಕಸ ಗುಡಿಸು. ಸುತ್ತ ಎರಡೂವರೆ ಅಡಿ ದಾರಿ ಉಳಿಯದಿದ್ದರೆ ಆ ಸಾಮಾನು ನಿನ್ನದಲ್ಲ.

ಹಳೆಯದನ್ನು ಬೇಡ ಅನ್ನುತ್ತಿಲ್ಲ. ಬಳಸುವುದನ್ನು ತಾ ಅನ್ನುತ್ತಿದ್ದೇನೆ. ದಿನಾ ಕೂರುವ ಕುರ್ಚಿ, ದಿನಾ ಎಳೆಯುವ ಡ್ರಾಯರ್, ದಿನಾ ಲ್ಯಾಪ್‌ಟಾಪ್ ಇಡುವ ಮೇಜು. ನಮ್ಮ ಕಡೆ ಅಂಗಡಿ ಗುಮಾಸ್ತರ ಮುಂದಿರುತ್ತಿದ್ದ, ಮುಚ್ಚಳ ಇಳಿಜಾರಾದ ಪುಟ್ಟ ಡೆಸ್ಕು ನೆನಪಿದೆಯಾ? ಚಕ್ಕಳಮಕ್ಕಳ ಹಾಕಿ ಕೂತು ಬರೆಯುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಒಳಗೆ ಪಾಸ್‌ಬುಕ್ಕು, ಮನೆಪತ್ರ ಎಲ್ಲ ಹಿಡಿಸುತ್ತದೆ. ನಿನ್ನ ಹಾಲಿಗೆ ಇಂಥದ್ದು ಒಂದು ಸಾಕು. ಎಂಟು ಹತ್ತು ತಂದು ತುಂಬಿದರೆ ಅದು ಮನೆಯಾಗುವುದಿಲ್ಲ, ಹರಾಜಿನ ಅಂಗಳವಾಗುತ್ತದೆ.

ಇನ್ನು ಕೆತ್ತನೆಯ ಬಾಗಿಲಿಗೆ ಕಾಲು ಜೋಡಿಸಿ, ಮೇಲೆ ಗಾಜು ಹಾಸಿ ಊಟದ ಮೇಜು ಅಂತ ಮಾರುತ್ತಾರಲ್ಲ, ನನಗದು ಹಿಡಿಸುವುದಿಲ್ಲ. ಹೊಸಿಲ ಮೇಲೆ ಕೂತರೆ ಬೈಯುತ್ತಿದ್ದ ಮನೆತನದ ಬಾಗಿಲ ಮೇಲೆ ಸಾರನ್ನ ಬಡಿಸುವುದು! ಅದಿರಲಿ, ಬಾಗಿಲ ಚೌಕಟ್ಟು ದಪ್ಪ. ಊಟದ ಮೇಜು 30 ಇಂಚು ಎತ್ತರ, ಕುರ್ಚಿಯ ಕೂರುವ ಜಾಗ 18 ಇಂಚು ಇದ್ದರೆ ನಡುವಿನ ಹನ್ನೆರಡರಲ್ಲಿ ತೊಡೆ ಹಿಡಿಸುತ್ತದೆ. ಚೌಕಟ್ಟೇ ನಾಲ್ಕು ಇಂಚು ನುಂಗಿದರೆ ಮಂಡಿ ಬಡಿಯುತ್ತದೆ.

ಈಗ ಸಾಮಾನಿನ ಹತ್ತಿರ ಹೋಗು. ಮುಂದಿನಿಂದ ನೋಡಬೇಡ, ಪಾಲಿಷಿನ ಹೊಳಪು ಇರುವುದೇ ಮುಂದೆ. ಡ್ರಾಯರನ್ನು ಪೂರ್ತಿ ಹೊರಗೆಳೆದು ಬೋರಲು ಹಾಕು. ನಿಜವಾಗಿ ಬಳಕೆಯಲ್ಲಿದ್ದ ಡ್ರಾಯರಿನ ತಳದ ಅಂಚು ಜಾರಿ ಜಾರಿ ಸವೆದಿರುತ್ತದೆ. ಮೂಲೆಯ ಕಚ್ಚುಗಳು ಕೈಯಲ್ಲಿ ಕೊರೆದದ್ದಾದರೆ ಒಂದರಂತೆ ಒಂದಿರುವುದಿಲ್ಲ. ಕುರ್ಚಿಯಾದರೆ ಮುಂಗಾಲುಗಳ ನಡುವಿನ ಅಡ್ಡಪಟ್ಟಿ ನೋಡು, ಜನ ಪಾದ ಊರುವುದು ಅಲ್ಲೇ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ. ಸ್ಟಾರ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ನೂರೈವತ್ತು ವರ್ಷದ್ದು ಅಂತ ಹೇಳುವ ಮೇಜಿನ ಅಡಿ ಅಂಥ ಸ್ಕ್ರೂ ಕಂಡರೆ, ಒಂದೋ ರಿಪೇರಿ ಆಗಿದೆ, ಇಲ್ಲ ಕಥೆ ಕಟ್ಟಿದ್ದಾರೆ. ದುಂಡು ಮೇಜಾದರೆ ಟೇಪು ಹಿಡಿದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಅಳೆ. ಮರ ಎಳೆಯ ಉದ್ದಕ್ಕೆ ಸೊರಗುವುದು ಇಲ್ಲವೆನ್ನುವಷ್ಟು ಕಮ್ಮಿ, ಅಡ್ಡಕ್ಕೆ ಸೊರಗುತ್ತದೆ. ಹಾಗಾಗಿ ಹಳೆಯ ದುಂಡು ಮೇಜು ಕೂದಲೆಳೆಯಷ್ಟಾದರೂ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಹುಳದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಗುಂಡುಸೂಜಿ ಚುಚ್ಚಿದಂಥ ತೂತುಗಳು ಹಳೆಯದರಲ್ಲಿ ಇದ್ದೇ ಇರುತ್ತವೆ. ಹುಳ ಇನ್ನೂ ಒಳಗಿದೆಯೋ ಅನ್ನುವುದಷ್ಟೇ ಪ್ರಶ್ನೆ. ತೂತಿನೊಳಗು ಕಪ್ಪಾಗಿದ್ದರೆ ಹಳೇ ಗಾಯ. ಬೆಳ್ಳಗೆ ಹೊಸದಾಗಿ ಕಂಡರೆ, ಕೆಳಗೆ ಅಕ್ಕಿಹಿಟ್ಟಿನಂಥ ಹುಡಿ ಬಿದ್ದಿದ್ದರೆ ಅನುಮಾನ ಪಡು. ಗುಡಿಸಿ, ಅಡಿಗೆ ಕಪ್ಪು ಕಾಗದ ಹಾಸಿಟ್ಟು ಒಂದು ವಾರ ಬಿಟ್ಟು ಬರುತ್ತೇನೆ ಅಂತ ಅಂಗಡಿಯವನಿಗೆ ಹೇಳು. ಮತ್ತೆ ಹುಡಿ ಉದುರಿದ್ದರೆ ಮನೆಗೆ ತರಬೇಡ, ನಿನ್ನ ಹೊಸ ವಾರ್ಡ್‌ರೋಬಿಗೂ ಅದೇ ಗತಿ ಬಂದೀತು. ಸಾಗುವಾನಿಯ ಚೇಗಿಗೆ ಗೆದ್ದಲು ಸುಲಭಕ್ಕೆ ಹತ್ತದು. ಹೊರಗಿನ ಬಿಳಿಮರಕ್ಕೆ ಆ ಶಕ್ತಿ ಇಲ್ಲ. ಹಿಂಭಾಗದ ಹಲಗೆಯಲ್ಲಿ ಬಿಳಿ ಪಟ್ಟೆ ಇದೆಯಾ ನೋಡು.

ಪಾಲಿಷ್ ಕೀಳಿಸಿ ಹೊಸದು ಮಾಡಿಸಲು ಅವಸರ ಮಾಡಬೇಡ. ಹಳೇ ಕಾಲದ್ದು ಬಹುಪಾಲು ಅರಗಿನ ಪಾಲಿಷ್, ಸ್ಪಿರಿಟ್ಟಿನಲ್ಲಿ ಕರಗುವಂಥದ್ದು. ಕಾಣದ ಮೂಲೆಯಲ್ಲಿ ಹತ್ತಿಗೆ ಸ್ಪಿರಿಟ್ ಹಚ್ಚಿ ಉಜ್ಜಿದರೆ ಅಂಟಂಟಾಗಿ ಕಂದು ಬಣ್ಣ ಬರುತ್ತದೆ. ಅದಕ್ಕೆ ಮೇಲಿಂದ ಇನ್ನೊಂದು ಕೈ ಕೊಟ್ಟರೆ ಸಾಕು. ಮಂಗಳೂರು ಕಡೆಯಿಂದ ಬಂದ ಸಾಮಾನಾದರೆ ಬೆಂಗಳೂರಿನ ಒಂದು ಬೇಸಿಗೆ ಕಳೆಯಲಿ. ಒಣಹವೆಗೆ ಮರ ಸೊರಗುತ್ತದೆ, ಅಲ್ಲಿ ಬಿಗಿಯಾಗಿದ್ದ ಡ್ರಾಯರ್ ಇಲ್ಲಿ ಸಡಿಲಾಗುತ್ತದೆ. ರಿಪೇರಿ ಆಮೇಲೆ. ಎ.ಸಿ. ಗಾಳಿ ನೇರ ಬಡಿಯುವ ಕಡೆ ಇಡಬೇಡ.

ತೊಟ್ಟಿಲು ಬೇಕು ಅಂತಲೂ ಬರೆದಿದ್ದೀ. ಬಣ್ಣದ ತೊಟ್ಟಿಲು ಕಣ್ಣಿಗೆ ಹಬ್ಬ, ಒಪ್ಪಿದೆ. ಆದರೆ ಹಳೇ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಬಣ್ಣಕ್ಕೆ ಹತ್ತು ಲಕ್ಷದಲ್ಲಿ 90 ಪಾಲು ಸೀಸದ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಕೂಸು ಹಲ್ಲು ಬಂದಾಗ ಮೊದಲು ಕಚ್ಚುವುದೇ ತೊಟ್ಟಿಲ ಅಂಚನ್ನು. ಸರಳುಗಳ ನಡುವೆ ಆರು ಸೆಂಟಿಮೀಟರಿಗಿಂತ ಜಾಸ್ತಿ ಸಂದಿದ್ದರೂ ಬೇಡ. ಅದರಲ್ಲಿ ಪುಸ್ತಕ ಇಡು, ಕೂಸನ್ನು ಬೇಡ.

ಮೈಸೂರಿನ ಬೀಟೆ ಕುಸುರಿಯ ಮೇಜು ಸಿಕ್ಕರೆ, ಬಿಳಿ ಚೂರುಗಳು ಏನು ಅಂತ ಕೇಳು. ಅರಮನೆಯ ಅಂಬಾವಿಲಾಸದ ಬಾಗಿಲಿನಲ್ಲಿ ಇರುವುದು ಆನೆದಂತ. ಈಗ ದಂತದ ಜಾಗಕ್ಕೆ ಪ್ಲಾಸ್ಟಿಕ್ಕು, ಬಣ್ಣದ ಮರ ಬಂದಿವೆ. ‘ದಂತವೇ ಸ್ವಾಮಿ, ಅಜ್ಜನ ಕಾಲದ್ದು’ ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ ಅಲ್ಲಿಂದ ಎದ್ದು ಬಾ. 1972ರ ವನ್ಯಜೀವಿ ಕಾಯ್ದೆಗೆ ಆಮೇಲೆ ಬಂದ ತಿದ್ದುಪಡಿಗಳ ಪ್ರಕಾರ ದಂತದ ವ್ಯಾಪಾರವೇ ನಿಷಿದ್ಧ. ಅಮೆರಿಕದಲ್ಲಿರುವ ನಿಮ್ಮಣ್ಣ ನನಗೂ ಒಂದು ಕಳಿಸು ಅಂದರೂ ಯೋಚಿಸು. ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವ ಹಾಗಿಲ್ಲ.

ಕಾರೈಕುಡಿ, ಮಟ್ಟಾಂಚೇರಿ, ಮುಂಬೈಯ ಚೋರ್ ಬಜಾರ್ ಎಲ್ಲ ಸುತ್ತುವ ಆಸೆಯಿದ್ದರೆ ಸುತ್ತು. ಅದಕ್ಕೆ ಮುಂಚೆ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮ ನೋಡಿಕೊಂಡು ಬಾ. ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಯಾವ ಸಾಮಾನು ಯಾವ ಜಾಗದಲ್ಲಿ ಇರುತ್ತಿತ್ತು ಅಂತ ಅಲ್ಲಿ ಕಣ್ಣು ಪಳಗುತ್ತದೆ, ಆಮೇಲೆ ಯಾರೂ ನಿನ್ನನ್ನು ಸುಲಭಕ್ಕೆ ಯಾಮಾರಿಸಲಾರರು.

ಇನ್ನೊಂದು. ನಮ್ಮ ಅಟ್ಟದ ಮೇಲೆ ಅಜ್ಜನ ಈಜಿಚೇರು ಇದೆ, ಕೈಗಳನ್ನು ಮುಂದಕ್ಕೆ ತಿರುಗಿಸಿ ಕಾಲು ಚಾಚುವಂಥದ್ದು, ಕಾಫಿ ತೋಟದ ಬಂಗಲೆಗಳಲ್ಲಿ ನೋಡಿರುತ್ತೀ. ಮರ ಗಟ್ಟಿಯಿದೆ. ಬೆತ್ತ ಜೋತುಬಿದ್ದಿದೆ, ಆದರೆ ಹರಿದಿಲ್ಲ. ಅಡಿಯಿಂದ ನೀರು ಚಿಮುಕಿಸಿ ಒಣಗಲು ಬಿಟ್ಟರೆ ಬಿಗಿದುಕೊಳ್ಳುತ್ತದೆ, ನಾಳೆ ಮಾಡಿ ನೋಡುತ್ತೇನೆ. ಕೈ ಚಾಚಿದರೆ ಐದಡಿ ಮೀರುತ್ತದೆ. ನಿಮ್ಮ ಬಾಲ್ಕನಿಯ ಉದ್ದ ಅಳೆದು ಕಳಿಸು. ಹಿಡಿಸುವುದಾದರೆ ಬರುವ ವಾರ ಅಡಿಕೆ ಲಾರಿಯಲ್ಲಿ ಹಾಕಿಸುತ್ತೇನೆ. ಹಿಡಿಸದಿದ್ದರೆ ಸಂಕೋಚ ಪಡದೆ ಬೇಡ ಅನ್ನು, ಇಲ್ಲಿ ನಿಮ್ಮ ದೊಡ್ಡಮ್ಮ ಅದಕ್ಕಾಗಿ ಆಗಲೇ ಜಾಗ ಹುಡುಕಿದ್ದಾಳೆ.