ಸೋಲದವನೂ ಸೋಲಿಸಲಾಗದವನೂ
(ಕೆಲವು ಇಂಗ್ಲಿಷ್ ಶಬ್ದಗಳ ವಿಚಾರ)

ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರ ಮಾಡುವಾಗ ನಮ್ಮ ವಿದ್ಯಾರ್ಥಿನಿಯರು ಬಹು ಸುಲಭವಾಗಿ ಬಳಸುವ ಶಬ್ದಗಳಲ್ಲಿ ‘ಅಜೇಯ’ ಎಂಬುದೊಂದು. ಅನ್‌ಬೀಟನ್, ಅನ್‌ಡಿಫೀಟೆಡ್, ಅನ್‌ಕಾಂಕರ್ಡ್, ಇನ್‌ವಿನ್ಸಿಬಲ್, ಇನ್‌ಡಾಮಿಟಬಲ್, ಇಂಪ್ರೆಗ್ನಬಲ್ ಎಂಬಿವುಗಳಲ್ಲಿ ಯಾವುದು ಎದುರಾದರೂ ಇದೊಂದೇ ಉತ್ತರ. ತಿರುಗಿ ಇಂಗ್ಲಿಷಿಗೆ ಹೋಗುವಾಗ ಆ ಆರರಲ್ಲಿ ನೆನಪಿಗೆ ಬಂದುದನ್ನು ಇಡುವರು. ನಮ್ಮ ಸೀಮೆಗೂ ಇಂತಹ ಶಬ್ದವಿಚಾರಕ್ಕೂ ಹಳೆಯ ನಂಟುಂಟು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಸೇವೆಯಲ್ಲಿದ್ದ ವಿಲಿಯಂ ರೀವ್ ರಚಿಸಿದ ಇಂಗ್ಲಿಷ್–ಕನ್ನಡ ಕೋಶವು 1824ರಲ್ಲಿಯೇ ಮದರಾಸಿನಲ್ಲಿ ಅಚ್ಚಾಯಿತು. ಆದರೆ ಕೋಶವು ಪರ್ಯಾಯಪದಗಳನ್ನು ಒಟ್ಟಿಗೆ ತೋರಿಸಬಲ್ಲುದೇ ಹೊರತು ಎಲ್ಲಿ ಯಾವುದು ಸಲ್ಲುವುದೆಂಬುದನ್ನು ಬಳಕೆಯಿಂದಲೇ ಅರಿಯಬೇಕು.

ಮೊದಲನೆಯ ಭೇದವು ಕಾಲಕ್ಕೆ ಸಂಬಂಧಿಸಿದುದು. ಅನ್‌ಬೀಟನ್, ಅನ್‌ಡಿಫೀಟೆಡ್ ಎಂಬಿವು ‘ಈವರೆಗೆ ಸೋತಿಲ್ಲ’ ಎಂದಷ್ಟೇ ಹೇಳುವುವು. ನಾಳೆಯ ಮಾತನ್ನು ಎತ್ತುವುದಿಲ್ಲ. ಇನ್‌ವಿನ್ಸಿಬಲ್ ಎಂಬುದು ‘ಸೋಲಿಸಲು ಸಾಧ್ಯವೇ ಇಲ್ಲ’ ಎನ್ನುವುದು. ನಮ್ಮಲ್ಲಿಯೂ ಈ ಭೇದವಿಲ್ಲದೆ ಇಲ್ಲ. ಅಜಿತ, ಅಪರಾಜಿತ ಎಂದರೆ ಜಯಿಸಲ್ಪಡದವನು. ಎರಡನೆಯ ತೀರ್ಥಂಕರನ ಹೆಸರು ಅಜಿತನೆಂದೇ. ಅತ್ತಿಮಬ್ಬೆಯ ಆಶ್ರಯದಲ್ಲಿ ರನ್ನನು ಅವನ ಪುರಾಣವನ್ನು 993ರಲ್ಲಿ ರಚಿಸಿದನು. ಜಯಿಸಲು ಶಕ್ಯನಾದವನನ್ನು ಪಾಣಿನಿಯು ‘ಜಯ್ಯ’ನೆಂದೂ ಜಯಿಸಲ್ಪಡಬೇಕಾದವನನ್ನು ‘ಜೇಯ’ನೆಂದೂ ಬೇರ್ಪಡಿಸಿರುವನು. ಆ ಲೆಕ್ಕದಲ್ಲಿ ಇನ್‌ವಿನ್ಸಿಬಲ್ಲಿಗೆ ‘ಅಜಯ್ಯ’ವೇ ಸರಿಯಾದುದು, ಕನ್ನಡದ ರೂಢಿ ಮಾತ್ರ ‘ಅಜೇಯ’ವನ್ನು ಒಪ್ಪಿಕೊಂಡಿದೆ, ರೂಢಿಯೊಡನೆ ಜಗಳವೇಕೆ?

ಇನ್ನೊಂದು ಸೂಕ್ಷ್ಮವನ್ನು ಆಟದ ಬಯಲಿನಲ್ಲಿ ಕಾಣಬಹುದು. ಅನ್‌ಬೀಟನ್ ಎಂದರೆ ಎಲ್ಲ ಪಂದ್ಯಗಳನ್ನೂ ಗೆದ್ದಿತೆಂದು ಅರ್ಥವಲ್ಲ. ಬ್ರಾಡ್‌ಮನ್ನನ ಆಸ್ಟ್ರೇಲಿಯಾ ತಂಡವು 1948ರ ಪ್ರವಾಸದಲ್ಲಿ 34 ಪಂದ್ಯಗಳನ್ನಾಡಿ 25ನ್ನು ಗೆದ್ದು 9ನ್ನು ಸಮ ಮಾಡಿಕೊಂಡಿತು; ಒಂದನ್ನೂ ಸೋಲಲಿಲ್ಲ. ಪತ್ರಿಕೆಗಳೂ ಜನರೂ ಅವರನ್ನು ‘ಇನ್‌ವಿನ್ಸಿಬಲ್ಸ್’ ಎಂದು ಕರೆದರು. ಲೆಕ್ಕವು ಹೇಳುವುದು ಅನ್‌ಬೀಟನ್ ಎಂದಷ್ಟೆ; ಉಳಿದುದು ಅಭಿಮಾನದ ಮಾತು.

ಅಭಿಮಾನದ ಮಾತಿಗೆ ಸಮುದ್ರವು ಸೊಪ್ಪುಹಾಕುವುದಿಲ್ಲ. ಬ್ರಿಟಿಷರ ಇನ್‌ವಿನ್ಸಿಬಲ್ ಎಂಬ ಯುದ್ಧನೌಕೆಯು 1916ರ ಮೇ 31ರಂದು ಜಟ್ಲೆಂಡಿನ ಕಾಳಗದಲ್ಲಿ ಸ್ಫೋಟಗೊಂಡು ಮುಳುಗಿ, ಆರು ಮಂದಿಯ ಹೊರತು ಸಾವಿರಕ್ಕೂ ಮಿಕ್ಕ ನಾವಿಕರು ಮಡಿದರು. ಅದೇ ದಳದಲ್ಲಿ ಇಂಡಾಮಿಟಬಲ್ ಎಂಬ ಇನ್ನೊಂದು ನೌಕೆಯಿದ್ದಿತು. ಅದು ಕ್ಷೇಮವಾಗಿ ಹಿಂದಿರುಗಿತು.

ಈಗ ನಮ್ಮ ಹಂಪೆಗೆ ಬರೋಣ. ಇಂಪ್ರೆಗ್ನಬಲ್ ಎಂಬುದು ಕೋಟೆಕೊತ್ತಲಗಳಿಗೆ ಸಲ್ಲುವ ಶಬ್ದ: ‘ಭೇದಿಸಿ ಹಿಡಿಯಲಾಗದುದು’. 1443ರಲ್ಲಿ ಬಂದ ಅಬ್ದುರ್ ರಜಾಕನು ವಿಜಯನಗರದಲ್ಲಿ ಒಂದರೊಳಗೊಂದಾಗಿ ಏಳು ಕೋಟೆಗಳನ್ನು ಕಂಡು ಬರೆದಿರುವನು. 1565ರ ಜನವರಿಯಲ್ಲಿ ಕಾಳಗವು ನಡೆದುದು ಈ ಗೋಡೆಗಳ ಮುಂದೆ ಅಲ್ಲ, ದೂರದಲ್ಲಿ ಕೃಷ್ಣೆಯ ದಡದ ಸೀಮೆಯಲ್ಲಿ. ಅಳಿಯ ರಾಮರಾಯನು ಅಲ್ಲಿ ಮಡಿದನು. ತಿರುಮಲರಾಯನು ಭಂಡಾರದೊಡನೆ ಪೆನುಗೊಂಡೆಗೆ ತೆರಳಿದನು. ಕಾಯುವವರಿಲ್ಲದ ನಗರವನ್ನು ಶತ್ರುಗಳು ಹೊಕ್ಕು ಸುಟ್ಟರು. ಕಲ್ಲುಗಳು ಇಂಪ್ರೆಗ್ನಬಲ್ ಆಗಿದ್ದುವೋ ಇಲ್ಲವೋ ಎಂಬ ಪರೀಕ್ಷೆಯೇ ಅಂದು ನಡೆಯಲಿಲ್ಲ! ಹಾಗೆಯೇ ಆ ವರ್ಷ ರಾಜ್ಯವು ‘ಡಿಫೀಟೆಡ್’ ಆಯಿತು, ‘ಕಾಂಕರ್ಡ್’ ಆಗಲಿಲ್ಲ. ಕಾಂಕರ್ ಎಂಬುದರಲ್ಲಿ ಗೆಲ್ಲುವುದರ ಜೊತೆಗೆ ವಶಪಡಿಸಿಕೊಳ್ಳುವ ಅರ್ಥವೂ ಇರುವುದು. ಅರಸುಮನೆತನವಾದರೋ ಪೆನುಗೊಂಡೆಯಿಂದಲೂ ಆಮೇಲೆ ಚಂದ್ರಗಿರಿಯಿಂದಲೂ ಆಳುತ್ತಲೇ ಇದ್ದಿತು. ಒಂದೇ ಸಂಗತಿಗೆ ಎರಡು ಶಬ್ದಗಳಲ್ಲಿ ಒಂದು ಸತ್ಯ, ಇನ್ನೊಂದು ಅಸತ್ಯ.

ಇನ್‌ಡಾಮಿಟಬಲ್ ಎಂಬುದರ ಮೂಲ ಲ್ಯಾಟಿನ್ ಧಾತುವಿಗೆ ಪಳಗಿಸುವುದೆಂದು ಅರ್ಥ. ಎಮ್ಮಿಗನೂರು, ಕಂಪ್ಲಿಗಳ ರೈತನು ಹೋರಿಯ ವಿಷಯದಲ್ಲಿ ‘ಪಳಗಿಲ್ಲ’ ಎನ್ನುವನಲ್ಲವೆ, ಅದೇ ಭಾವ. ತುಂಗಭದ್ರೆಯನ್ನು 1953ರಲ್ಲಿ ಅಣೆಕಟ್ಟು ಕಟ್ಟಿ ಪಳಗಿಸಿದರೆಂದು ಹೇಳುತ್ತಿದ್ದೆವು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಹೊಳೆಯು ತಾನಿನ್ನೂ ಹೊಳೆಯೇ ಎಂದು ತಿಳಿಸಿತು. ಮನುಷ್ಯರಲ್ಲಿ ಈ ಶಬ್ದಕ್ಕೆ ಕಂಪಿಲರಾಯನ ಮಗ ಕುಮಾರರಾಮನಿಗಿಂತ ತಕ್ಕವನು ನಮಗೆ ದೊರೆಯನು. ದೆಹಲಿಯ ತುಘಲಕನ ಸೈನ್ಯದೊಡನೆ ಹೋರಾಡಿ 1327ರ ಸುಮಾರಿಗೆ ಅವನ ರಾಜ್ಯವು ಅಳಿಯಿತು, ತಾನೂ ಅಳಿದನು. ಅವನನ್ನು ಅನ್‌ಡಿಫೀಟೆಡ್ ಎನ್ನುವುದು ಚರಿತ್ರೆಗೆ ಒಪ್ಪದು. ಆದರೂ ನಂಜುಂಡ ಕವಿಯೂ ಹಳ್ಳಿಯ ಹಾಡುಗಾರರೂ ಅವನನ್ನು ಕೊಂಡಾಡಿದರು. ಸೋಲು ಬಂದರೂ ಮಣಿಯದ ಮನಸ್ಸಿಗೆ ಇನ್‌ಡಾಮಿಟಬಲ್ ಎಂಬ ಶಬ್ದವಿರುವುದು; ಉಳಿದ ಐದಕ್ಕೂ ಈ ಗುಣವಿಲ್ಲ.

ಇದು ಬರಿಯ ವ್ಯಾಕರಣದ ಮಾತೆಂದು ಪೋಷಕರು ತಿಳಿಯಬಾರದು. ಪ್ರತಿ ವರ್ಷವೂ ತರಗತಿಗೆ ಮೊದಲಿಗಳಾದ ಹುಡುಗಿಯ ಪ್ರಶಂಸಾಪತ್ರದಲ್ಲಿ ಇನ್‌ವಿನ್ಸಿಬಲ್ ಎಂದು ಬರೆದರೆ, ಇನ್ನೂ ಬರೆಯದ ಪರೀಕ್ಷೆಗಳ ಭಾರವನ್ನೆಲ್ಲ ಅವಳ ಹೆಗಲಿಗೆ ಇಂದೇ ಏರಿಸಿದಂತಾಗುವುದು. ಒಮ್ಮೆ ಎರಡನೆಯವಳಾದೊಡನೆ ಮನೆಯವರಿಗೆ ಮುಖ ತೋರಿಸಲಾರದೆ ಅಳುವ ಮಕ್ಕಳನ್ನು ಯಾವ ಉಪಾಧ್ಯಾಯಿನಿ ಕಂಡಿಲ್ಲ? ‘ಅನ್‌ಬೀಟನ್’ ಸಾಕು, ಅದು ನಿಜವೂ ಹೌದು, ಹಗುರವೂ ಹೌದು. ಅನುತ್ತೀರ್ಣಳಾಗಿ, ನೆರೆಹೊರೆಯವರ ಮಾತನ್ನು ಸಹಿಸಿ, ಮತ್ತೆ ಕುಳಿತು ತೇರ್ಗಡೆಯಾದವಳಿಗೆ ಆ ಪದವನ್ನು ಕೊಡಲಾಗದು. ಆದರೆ ಇನ್‌ಡಾಮಿಟಬಲ್ ಎಂಬುದಕ್ಕೆ ಮೊದಲಿನವಳಿಗಿಂತ ಇವಳಿಗೇ ಹೆಚ್ಚು ಹಕ್ಕುಂಟು.

ರಜೆಯ ದಿನಗಳಲ್ಲಿ ಮನೆಯ ಹುಡುಗಿಯರಿಂದ ಇಂಗ್ಲಿಷಿಗೆ ಮಾಡಿಸಿ ನೋಡಬಹುದಾದ ಮೂರು ವಾಕ್ಯಗಳನ್ನು ಇಲ್ಲಿ ಕೊಟ್ಟಿದೆ. ನಮ್ಮ ಶಾಲೆಯ ಥ್ರೋಬಾಲ್ ತಂಡವು ಈ ಸಲ ಒಂದು ಪಂದ್ಯವನ್ನೂ ಸೋಲಲಿಲ್ಲ. ಆ ದುರ್ಗವನ್ನು ಯಾರಿಂದಲೂ ಭೇದಿಸಲಾಗದೆಂದು ಸೈನಿಕರು ನಂಬಿದ್ದರು. ಎರಡು ಬೆಳೆಗಳು ಕೈಗೆ ಹತ್ತದೆ ಹೋದರೂ ಆ ವಿಧವೆಯು ಮೂರನೆಯ ಸಲ ಗದ್ದೆಗೆ ಇಳಿದಳು.