ಶಾಲೆಯ ನಿಯಮ, ಮಕ್ಕಳ ಸ್ವಾತಂತ್ರ್ಯ ಮತ್ತು ನಮ್ಮ ಹೊಣೆ

ಪ್ರತಿವರ್ಷ ಶಾಲೆಗಳು ತೆರೆಯುವ ಹೊತ್ತಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಸ್ ನಿಲ್ದಾಣಗಳು ಮಕ್ಕಳಿಂದ ತುಂಬಿಹೋಗುತ್ತವೆ. ಸುತ್ತಲಿನ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆ ಮುಗಿಸಿದವರು ಮುಂದಿನ ಓದಿಗಾಗಿ ತಾಲೂಕು ಪಟ್ಟಣಕ್ಕೆ ಬರುತ್ತಾರೆ. ಹೈಸ್ಕೂಲಿನ ಬಾಗಿಲು ದಾಟಿದೊಡನೆ ಅವರನ್ನು ಎದುರುಗೊಳ್ಳುವುದು ನಿಯಮಗಳ ಪಟ್ಟಿ. ಸಮವಸ್ತ್ರ ಹೀಗಿರಬೇಕು, ಕೂದಲು ಇಷ್ಟಿರಬೇಕು, ಮೊಬೈಲ್ ತರಬಾರದು, ತಡವಾದರೆ ಹೊರಗೆ ನಿಲ್ಲಬೇಕು. ಹದಿಮೂರು, ಹದಿನಾಲ್ಕರ ವಯಸ್ಸಿನ ಮಗು ಅದನ್ನು ಓದಿ ಮನೆಗೆ ಬಂದು ಕೇಳುತ್ತದೆ: “ಅಬ್ಬಾ, ಇದೆಲ್ಲ ಯಾಕೆ?”

ಈ ಪ್ರಶ್ನೆಗೆ ನೀವು ಕೊಡುವ ಉತ್ತರ ಏನು? “ಹೇಳಿದಷ್ಟು ಕೇಳು” ಎಂದು ಗದರಿಸಿದರೆ ಮಗು ಸುಮ್ಮನಾಗಬಹುದು, ಆದರೆ ಏನನ್ನೂ ಕಲಿಯುವುದಿಲ್ಲ. “ಅವರು ಯಾರು ನಿನಗೆ ಹೇಳೋದಕ್ಕೆ?” ಎಂದು ಹುರಿದುಂಬಿಸಿದರೆ ನಾಳೆ ಅದೇ ಮಾತನ್ನು ಅದು ನಿಮಗೇ ಹಿಂದಿರುಗಿಸುತ್ತದೆ. ಇವೆರಡರ ನಡುವೆ ಒಂದು ದಾರಿಯಿದೆ. ಇಸ್ಲಾಮ್ ಆ ದಾರಿಯನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿದೆ.

ನಿಯಮ ನಮ್ಮ ಶತ್ರುವಲ್ಲ

ದಿನಕ್ಕೆ ಐದು ಸಲ ನಿಶ್ಚಿತ ಸಮಯಕ್ಕೆ, ನೇರವಾದ ಸಾಲಿನಲ್ಲಿ, ಒಬ್ಬ ಇಮಾಮರ ಹಿಂದೆ ನಿಲ್ಲುವ ಸಮುದಾಯಕ್ಕೆ ಶಿಸ್ತಿನ ಬೆಲೆಯನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಒಪ್ಪಂದಗಳನ್ನು ಪೂರೈಸಬೇಕೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸಿದೆ (5:1). ಶಾಲೆಗೆ ಸೇರಿಸುವಾಗ ಅರ್ಜಿಗೆ ನೀವು ಹಾಕುವ ಸಹಿಯೂ ಒಂದು ಒಪ್ಪಂದವೇ. ತರಗತಿಗೆ ಮೊಬೈಲ್ ತರಬಾರದೆಂಬ ನಿಯಮ, ಹೊತ್ತಿಗೆ ಸರಿಯಾಗಿ ಬರಬೇಕೆಂಬ ನಿಯಮ, ಪರೀಕ್ಷೆಯಲ್ಲಿ ನಕಲು ಮಾಡಬಾರದೆಂಬ ನಿಯಮ ಇವೆಲ್ಲ ಮಗುವಿನ ಹಿತಕ್ಕಾಗಿಯೇ ಇವೆ. ಇವುಗಳನ್ನು ಮುರಿಯುವುದು ಸ್ವಾತಂತ್ರ್ಯವಲ್ಲ, ಸ್ವೇಚ್ಛೆ. ಅಂತಹ ಮುರಿಯುವಿಕೆಗೆ ಧರ್ಮದ ಹೆಸರು ಹಚ್ಚುವುದು ಇನ್ನೂ ದೊಡ್ಡ ತಪ್ಪು.

ಆದರೆ ಎಲ್ಲ ನಿಯಮಗಳೂ ಒಂದೇ ತೂಕದವಲ್ಲ. ಕಲಿಕೆಯನ್ನು ಕಾಪಾಡುವ ನಿಯಮವಿದೆ. ಕೇವಲ ಅಧಿಕಾರವನ್ನು ತೋರಿಸುವ ನಿಯಮವೂ ಇದೆ. ಎರಡನ್ನೂ ಬೇರ್ಪಡಿಸಿ ನೋಡಲು ಮಕ್ಕಳಿಗೆ ಕಲಿಸಬೇಕಾದವರು ನಾವು.

ಪ್ರವಾದಿ ಮೂಸಾ(ಅ) ವಿದ್ಯಾರ್ಥಿಯಾದಾಗ

ಅಲ್‌ಕಹ್ಫ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ) ಜ್ಞಾನವನ್ನು ಅರಸಿ ಪ್ರಯಾಣ ಹೊರಟ ವೃತ್ತಾಂತವಿದೆ. ಅವರಿಗೆ ಸಿಕ್ಕ ಗುರು, ಹದೀಸ್‌ಗಳು ಖಿಳ್ರ್ ಎಂದು ಹೆಸರಿಸುವ ಅಲ್ಲಾಹನ ದಾಸರು, ಮೊದಲೇ ಒಂದು ಷರತ್ತು ವಿಧಿಸಿದರು: ತಾವಾಗಿ ವಿವರಿಸುವ ತನಕ ಏನನ್ನೂ ಪ್ರಶ್ನಿಸಬಾರದು. ಮೂಸಾ(ಅ) ಒಪ್ಪಿದರು. ಆದರೆ ಬಡವರ ದೋಣಿಗೆ ತೂತು ಬಿದ್ದಾಗ, ಬಾಲಕನೊಬ್ಬನ ಪ್ರಾಣ ಹೋದಾಗ, ಊಟ ನಿರಾಕರಿಸಿದ ಊರಿನ ಗೋಡೆಯನ್ನು ಗುರು ಬಿಟ್ಟಿ ಕಟ್ಟಿಕೊಟ್ಟಾಗ ಮೂಸಾ(ಅ) ಸುಮ್ಮನಿರಲಾಗಲಿಲ್ಲ, ಕೇಳಿಯೇ ಬಿಟ್ಟರು.

ಈ ಘಟನೆಯಿಂದ ನಾವು ಸಾಮಾನ್ಯವಾಗಿ ವಿದ್ಯಾರ್ಥಿಯ ತಾಳ್ಮೆಯ ಪಾಠವನ್ನಷ್ಟೇ ಆರಿಸಿಕೊಳ್ಳುತ್ತೇವೆ. ಅದು ಸರಿಯೇ. ಆದರೆ ಗುರುವಿನ ನಡತೆಯನ್ನೂ ನೋಡಿ. ಅವರು ಷರತ್ತನ್ನು ಮೊದಲೇ ತಿಳಿಸಿದ್ದರು, ನಡುವೆ ಹೊಸದಾಗಿ ಹೇರಲಿಲ್ಲ. ಮೊದಲ ಪ್ರಶ್ನೆಗೇ ಶಿಷ್ಯನನ್ನು ಹೊರಗಟ್ಟಲಿಲ್ಲ. ಅಗಲುವ ಮೊದಲು ಮೂರೂ ಕೃತ್ಯಗಳ ಕಾರಣವನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಅಲ್ಲಾಹನಿಂದ ವಿಶೇಷ ಜ್ಞಾನ ಪಡೆದ ಗುರುವೇ ವಿವರಣೆಯನ್ನು ಬಾಕಿ ಇಟ್ಟುಕೊಳ್ಳಲಿಲ್ಲ ಎಂದ ಮೇಲೆ, ನಮ್ಮ ನಿಮ್ಮಂಥವರು ಮಾಡಿದ ನಿಯಮಕ್ಕೆ ಕಾರಣ ಹೇಳುವುದು ಅವಮಾನವೇ?

ವಿಧೇಯತೆಗೂ ಎಲ್ಲೆಯಿದೆ

ಬುಖಾರಿಯಲ್ಲಿ ಒಂದು ಘಟನೆ ವರದಿಯಾಗಿದೆ. ಪ್ರವಾದಿ ಮುಹಮ್ಮದ್(ಸ) ಒಂದು ತುಕಡಿಯನ್ನು ಕಳಿಸಿ ನಾಯಕನಿಗೆ ವಿಧೇಯರಾಗಿರಲು ಹೇಳಿದ್ದರು. ದಾರಿಯಲ್ಲಿ ಕೋಪಗೊಂಡ ಆ ನಾಯಕ ಬೆಂಕಿ ಹೊತ್ತಿಸಿ ಅದರೊಳಗೆ ಹಾರುವಂತೆ ಆಜ್ಞಾಪಿಸಿದ. ಅವರು ಹಾರಲಿಲ್ಲ. ವಿಷಯ ತಿಳಿದಾಗ ಪ್ರವಾದಿಯವರು(ಸ) ಅವರ ನಿರಾಕರಣೆಯನ್ನು ಸರಿಯೆಂದು ಎತ್ತಿಹಿಡಿದು, ವಿಧೇಯತೆ ಒಳಿತಿನ ವಿಷಯದಲ್ಲಿ ಮಾತ್ರ ಎಂದು ಕಲಿಸಿದರು. ಆ ಸಂಗಡಿಗರು ನಾಯಕನ ಮೇಲೆ ಕೈಮಾಡಲಿಲ್ಲ, ತುಕಡಿ ಬಿಟ್ಟು ಓಡಲಿಲ್ಲ ಎಂಬುದನ್ನು ಗಮನಿಸಿ. ಮಾಡಲಾಗದ್ದನ್ನು ಮಾಡಲಿಲ್ಲ, ಅಷ್ಟೆ.

2022ರಲ್ಲಿ ನಮ್ಮ ಮುಂದೆ ಬಂದ ಪರೀಕ್ಷೆ

ಈ ಎಲ್ಲೆಯ ಪ್ರಶ್ನೆ ನಮ್ಮ ರಾಜ್ಯದಲ್ಲಿ ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ತಲೆವಸ್ತ್ರ ಧರಿಸಿದ ವಿದ್ಯಾರ್ಥಿನಿಯರನ್ನು ತರಗತಿಯಿಂದ ಹೊರಗಿಡಲಾಯಿತು. 2022ರ ಫೆಬ್ರವರಿ 5ರಂದು ಸರಕಾರ ಸಮವಸ್ತ್ರದ ಕುರಿತು ಆದೇಶ ಹೊರಡಿಸಿತು. ಬಿಸಿ ಇಂಡಿಗೂ ತಟ್ಟಿತು. ಅಲ್ಲಿ ಕೇಸರಿ ಶಾಲು ಹೊದ್ದು ವಿದ್ಯಾರ್ಥಿಗಳು ಬಂದಾಗ ಕಾಲೇಜಿಗೆ ರಜೆ ಕೊಡಬೇಕಾಯಿತು. ಫೆಬ್ರವರಿ 9ರಿಂದ ರಾಜ್ಯದ ಎಲ್ಲ ಹೈಸ್ಕೂಲು, ಕಾಲೇಜುಗಳನ್ನೇ ಮುಚ್ಚಲಾಯಿತು. ಮಾರ್ಚ್ 15ರಂದು ಹೈಕೋರ್ಟಿನ ಮೂವರು ನ್ಯಾಯಾಧೀಶರ ಪೀಠವು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಮೂಡಲಿಲ್ಲ. ನ್ಯಾ. ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ತಳ್ಳಿಹಾಕಿದರು, ನ್ಯಾ. ಸುಧಾಂಶು ಧುಲಿಯಾ ಆದೇಶವನ್ನು ರದ್ದುಪಡಿಸಬೇಕೆಂದರು. ಹಳ್ಳಿಯ ಹೆಣ್ಣುಮಗಳು ಮನೆಗೆಲಸ ಮುಗಿಸಿ ಶಾಲೆಗೆ ಹೊರಡುವ ಕಷ್ಟವನ್ನು ನೆನಪಿಸಿದ ಅವರು, ಇಂಥ ತಡೆಯಿಂದ ಅವಳ ಬದುಕು ಹಸನಾಗುತ್ತದೆಯೇ ಎಂಬ ಪ್ರಶ್ನೆಯನ್ನು ಮುಂದಿಟ್ಟರು.

ನ್ಯಾಯಾಲಯದ ಮಾತು ಒಂದೆಡೆಯಿರಲಿ. ಶಾಲೆಯ ಬಾಗಿಲಲ್ಲಿ ನಿಂತ ಆ ಹುಡುಗಿಯರ ಬಗ್ಗೆ ಯೋಚಿಸಿ. ಕೆಲವರು ಪರೀಕ್ಷೆಗೆ ಕೂರಲಿಲ್ಲ. ಕೆಲವರು ಸಂಸ್ಥೆ ಬದಲಿಸಿದರು. ಕೆಲವರು ಬಾಗಿಲಲ್ಲಿ ವಸ್ತ್ರ ತೆಗೆದು ಒಳಗೆ ಹೋಗಿ ಪಾಠ ಕೇಳಿದರು. ಇವರಲ್ಲಿ ಯಾರನ್ನೂ ತೀರ್ಪು ಕೊಡುವ ಧ್ವನಿಯಲ್ಲಿ ಮಾತಾಡಿಸುವ ಹಕ್ಕು ನಮಗಿಲ್ಲ. ಆತ್ಮಸಾಕ್ಷಿ ಮತ್ತು ಅಕ್ಷರ ಇವೆರಡರಲ್ಲಿ ಒಂದನ್ನು ಆರಿಸಿಕೋ ಎಂದು ಹದಿಹರೆಯದ ಹುಡುಗಿಗೆ ಹೇಳುವ ಸ್ಥಿತಿ ಬರಬಾರದಾಗಿತ್ತು. ಅವಳು ಏನನ್ನೇ ಆರಿಸಿಕೊಂಡಿರಲಿ, ಅವಳ ಬೆನ್ನಿಗೆ ನಿಲ್ಲುವುದು ನಮ್ಮ ಕರ್ತವ್ಯ.

ನ್ಯಾಯದ ತಕ್ಕಡಿ ಒಂದೇ

ಅದೇ 2022ರ ಫೆಬ್ರವರಿಯಲ್ಲಿ ಇಂಡಿಯ ಕಾಲೇಜೊಂದರಲ್ಲಿ ಹಣೆಗೆ ಕುಂಕುಮ ಹಚ್ಚಿಕೊಂಡು ಬಂದ ವಿದ್ಯಾರ್ಥಿಯನ್ನು ಬಾಗಿಲಲ್ಲೇ ತಡೆದ ಸುದ್ದಿ ಪತ್ರಿಕೆಗಳಲ್ಲಿ ಬಂತು. 2025ರ ಏಪ್ರಿಲ್‌ನಲ್ಲಿ ಬೀದರಿನಲ್ಲಿ ಜನಿವಾರ ತೆಗೆಯಲು ಒಪ್ಪದ ವಿದ್ಯಾರ್ಥಿಯೊಬ್ಬನಿಗೆ ಸಿಇಟಿ ಪರೀಕ್ಷೆ ತಪ್ಪಿತು. ಇವನ್ನು ಓದಿದಾಗ ನಿಮ್ಮ ಮನಸ್ಸು ಏನೆಂದಿತು? “ಅವರಿಗೂ ಗೊತ್ತಾಗಲಿ” ಎಂದಿತೇ? ಹಾಗಿದ್ದರೆ ನಮ್ಮ ಹೋರಾಟ ನ್ಯಾಯಕ್ಕಾಗಿ ಆಗಿರಲಿಲ್ಲ, ನಮ್ಮ ಪಾಲಿಗಾಗಿ ಆಗಿತ್ತು. ಒಂದು ಜನತೆಯ ಮೇಲಿನ ಹಗೆಯೂ ನಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಪವಿತ್ರ ಕುರ್‌ಆನ್ ಎಚ್ಚರಿಸುತ್ತದೆ (5:8). ಹಗೆಯಿದ್ದಲ್ಲಿಯೇ ಹೀಗಾದರೆ, ಒಂದೇ ಬಸ್ಸಿನಲ್ಲಿ ಬಂದು ಒಂದೇ ಬೆಂಚಿನಲ್ಲಿ ಕೂರುವ ಸಹಪಾಠಿಯ ಮಾತೇನು?

ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಎಳೆಯ ವಯಸ್ಸಿನಲ್ಲೇ ಅವರು ಉಪನಯನವನ್ನು ನಿರಾಕರಿಸಿ ಮನೆ ಬಿಟ್ಟು ಕೂಡಲಸಂಗಮಕ್ಕೆ ಹೋದರೆಂಬುದು ಈ ನಾಡಿನ ನಂಬಿಕೆ. ಅಂದು ಒಬ್ಬ ಬಾಲಕ ಜನಿವಾರ ಬೇಡವೆಂದ, ಇಂದು ಒಬ್ಬ ವಿದ್ಯಾರ್ಥಿ ಅದನ್ನು ತೆಗೆಯಲಾರೆನೆಂದ. ಇಬ್ಬರೂ ಕೇಳಿದ್ದು ಒಂದನ್ನೇ: ತನ್ನ ಆತ್ಮಸಾಕ್ಷಿಗೆ ಗೌರವ. ನಮ್ಮ ಮಗಳು ಕೇಳುವುದೂ ಅದನ್ನೇ.

ಕಾನೂನು ತಿಳಿದಿರಲಿ

ಗುಂಪುಗೂಡಿ ಶಾಲೆಯ ಬಾಗಿಲಿಗೆ ಹೋಗುವ ಮುನ್ನ ಕಾಗದ ಓದುವುದನ್ನು ರೂಢಿಸಿಕೊಳ್ಳಿ. ಕರ್ನಾಟಕ ಶಿಕ್ಷಣ ಕಾಯ್ದೆಯ ಅಡಿಯಲ್ಲಿ ಬಂದ 1995ರ ನಿಯಮಗಳ 11ನೇ ನಿಯಮದಂತೆ, ಶಾಲೆಯೊಂದು ಸಮವಸ್ತ್ರ ನಿಗದಿಪಡಿಸಿದ ಮೇಲೆ ಐದು ವರ್ಷ ಅದನ್ನು ಬದಲಿಸುವಂತಿಲ್ಲ. ಆಮೇಲೆ ಬದಲಿಸಬೇಕೆಂದಾದರೂ ಒಂದು ವರ್ಷ ಮೊದಲೇ ಪಾಲಕರಿಗೆ ನೋಟೀಸು ಕೊಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯಂತೆ, ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗಿದೆ.

ಕೇರಳದ ಒಂದು ಪ್ರಕರಣವೂ ನೆನಪಿರಲಿ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದ ಮೂವರು ಮಕ್ಕಳು ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ತೆಗೆದುಹಾಕಲಾಯಿತು. 1986ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿತು. ಆ ಮಕ್ಕಳ ಪರವಾಗಿ ನಿಂತದ್ದು ಅವರ ನಂಬಿಕೆ ಮಾತ್ರವಲ್ಲ, ಅವರ ಸೌಜನ್ಯ ಕೂಡ. ಅವರು ಯಾರನ್ನೂ ಅಡ್ಡಿಪಡಿಸಿರಲಿಲ್ಲ, ಯಾರನ್ನೂ ಹೀಯಾಳಿಸಿರಲಿಲ್ಲ.

ಮನೆಯ ಬಾಗಿಲಲ್ಲೂ ನಿಯಮಗಳಿವೆ

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಪಾಠ ಅಪೂರ್ಣ. ಶಾಲೆ ಮಗಳನ್ನು ತಡೆದಾಗ ನಮಗೆ ಸಿಟ್ಟು ಬರುತ್ತದೆ. ಏಳನೆಯ ತರಗತಿ ಮುಗಿದೊಡನೆ “ಸಾಕು, ಹೈಸ್ಕೂಲು ದೂರ” ಎಂದು ನಾವೇ ತಡೆದಾಗ? ಅಣ್ಣನಿಗೆ ಬೈಕು, ಮೊಬೈಲು, ರಾತ್ರಿಯ ತಿರುಗಾಟ. ತಂಗಿಗೆ ಟ್ಯೂಷನ್ನಿಗೆ ಹೋಗಲೂ ಹತ್ತು ಪ್ರಶ್ನೆ. ಆ ನಿಯಮಕ್ಕೆ ಯಾವ ಕೋರ್ಟಿನಲ್ಲಿ ಮೇಲ್ಮನವಿ? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹುಡುಗಿಯರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಚಾರ್ಜಿನ ನೆಪವೂ ಅಂದೇ ಹೋಯಿತು.

ಪ್ರವಾದಿ ಇಬ್ರಾಹೀಮ್(ಅ)ರನ್ನು ನೆನೆಯಿರಿ. ಮಗನನ್ನು ಬಲಿ ಕೊಡುತ್ತಿರುವುದಾಗಿ ಅವರು ಕನಸಿನಲ್ಲಿ ಕಂಡರು. ಅದು ಅಲ್ಲಾಹನ ಆಜ್ಞೆಯಾಗಿತ್ತು. ಆದರೂ ಅವರು ಮಗನ ಬಳಿ ವಿಷಯ ತಿಳಿಸಿ, ನಿನ್ನ ಅಭಿಪ್ರಾಯವೇನೆಂದು ಕೇಳಿದರು (37:102). ಮಗನ ವಿಧೇಯತೆಯನ್ನು ನಾವು ಪ್ರತಿ ಬಕ್ರೀದಿಗೆ ಹೊಗಳುತ್ತೇವೆ. ತಂದೆಯ ಆ ಪ್ರಶ್ನೆಯನ್ನು ಮಾತ್ರ ಮರೆತುಬಿಡುತ್ತೇವೆ. ಕೇಳಿಸಿಕೊಳ್ಳುವ ತಂದೆಯಿದ್ದಲ್ಲಿ ವಿಧೇಯನಾದ ಮಗ ಬೆಳೆಯುತ್ತಾನೆ.

ನಾವೇನು ಮಾಡಬಹುದು?

ಒಂದು: ಶಾಲೆಗೆ ಸೇರಿಸುವ ಮುಂಚೆ ನಿಯಮಗಳನ್ನು ಮಗುವಿನ ಜೊತೆ ಕುಳಿತು ಓದಿ. ಪ್ರತಿಯೊಂದರ ಉದ್ದೇಶವನ್ನು ಚರ್ಚಿಸಿ.

ಎರಡು: ಆಕ್ಷೇಪವಿದ್ದರೆ ಮೊದಲು ಮುಖ್ಯೋಪಾಧ್ಯಾಯರನ್ನು ಖುದ್ದಾಗಿ ಕಾಣಿರಿ. ನಂತರ ಶಾಲಾಭಿವೃದ್ಧಿ ಸಮಿತಿ, ಅನಂತರ ಕ್ಷೇತ್ರ ಶಿಕ್ಷಣಾಧಿಕಾರಿ. ಮನವಿ ಬರಹದಲ್ಲಿರಲಿ, ಸ್ವೀಕೃತಿ ಪಡೆಯಿರಿ. ಹಿಂಸೆ, ಕಿರುಕುಳವಿದ್ದರೆ 1098ಕ್ಕೆ ಕರೆ ಮಾಡಲು ಮಗುವಿಗೂ ಗೊತ್ತಿರಲಿ.

ಮೂರು: ಪಾಲಕರ ಸಭೆಗಳನ್ನು ತಪ್ಪಿಸಬೇಡಿ. ಸಭೆಗೆ ಹೋಗದವನ ದೂರಿಗೆ ಬೆಲೆ ಕಡಿಮೆ.

ನಾಲ್ಕು: ಏನೇ ಆದರೂ ಓದು ನಿಲ್ಲದಿರಲಿ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಸಂಸ್ಥೆ ಹುಡುಕಿ. ಹಕ್ಕಿನ ಹೋರಾಟ ವರ್ಷಗಟ್ಟಲೆ ನಡೆಯಬಹುದು, ಮಗಳ ಹದಿನೈದನೆಯ ವಯಸ್ಸು ಮತ್ತೆ ಬರುವುದಿಲ್ಲ.

ಐದು: ಶಿಕ್ಷಕರ ಬಗ್ಗೆ ಮಕ್ಕಳೆದುರು ಹಗುರವಾಗಿ ಮಾತಾಡಬೇಡಿ. ನಿಯಮವನ್ನು ಪ್ರಶ್ನಿಸುವುದು ಬೇರೆ, ಗುರುವನ್ನು ಅವಮಾನಿಸುವುದು ಬೇರೆ.

ಕೊನೆಯ ಮಾತು ಇಷ್ಟೆ. ತಲೆಬಾಗುವುದನ್ನಷ್ಟೇ ಕಲಿತ ಮಗು ನಾಳೆ ಅನ್ಯಾಯಕ್ಕೂ ತಲೆಬಾಗುತ್ತದೆ. ತಲೆ ಎತ್ತುವುದನ್ನಷ್ಟೇ ಕಲಿತ ಮಗು ಅಲ್ಲಾಹನ ಮುಂದೆಯೂ ಬಾಗುವುದಿಲ್ಲ. ಎಲ್ಲಿ ಬಾಗಬೇಕು, ಎಲ್ಲಿ ನೆಟ್ಟಗೆ ನಿಲ್ಲಬೇಕು ಎಂಬ ವಿವೇಕವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.